ಬಾಣ ಹೆಕ್ಕುವವರು ಯಾರು?

ಬಿಲ್ಲು ಕೊಳ್ಳಹೊರಟವನ ಪ್ರಶ್ನೆಗಳೆಲ್ಲ ಬಾಣ ಹೋಗುವುದರ ಬಗ್ಗೆಯೇ ಇರುತ್ತವೆ: ಎಷ್ಟು ಜೋರು, ಎಷ್ಟು ದೂರ, ಎಷ್ಟು ನೆಟ್ಟಗೆ. ಹೋದದ್ದು ತಿರುಗಿ ಬರುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯವರಿಗೆ ಈ ಮರೆವು ಒಪ್ಪುವಂಥದ್ದಲ್ಲ. ಎಲ್ಲಮ್ಮನ ಗುಡ್ಡ ನಮ್ಮಲ್ಲೇ ಇದೆ. ಆ ತಾಯಿ ರೇಣುಕೆ ಪಟ್ಟ ಪಾಡು ಮಹಾಭಾರತದ ಅನುಶಾಸನ ಪರ್ವದಲ್ಲಿದೆ. ಗಂಡ ಜಮದಗ್ನಿ ಆಟಕ್ಕೆಂದು ಬಾಣ ಬಿಡುವುದು, ರೇಣುಕೆ ಓಡಿ ಹೆಕ್ಕಿ ತರುವುದು. ಜ್ಯೇಷ್ಠದ ಬಿಸಿಲಿಗೆ ನೆತ್ತಿ ಕಾದು, ಅಂಗಾಲು ಸುಟ್ಟು, ಆಕೆ ಗಳಿಗೆ ಹೊತ್ತು ಮರದ ನೆರಳಲ್ಲಿ ನಿಂತಳು. ತಡವಾದದ್ದಕ್ಕೆ ಕಾರಣ ತಿಳಿದ ಮುನಿ ಸೂರ್ಯನನ್ನೇ ಹೊಡೆದುರುಳಿಸಲು ಬಿಲ್ಲೆತ್ತಿದ. ಸೂರ್ಯ ರಾಜಿಗೆ ಬಂದು, ಒಂದು ಛತ್ರಿ, ಒಂದು ಜೊತೆ ಪಾದರಕ್ಷೆ ಕೊಟ್ಟು ಪಾರಾದ. ಮಟಮಟ ಮಧ್ಯಾಹ್ನ ಬಾಣ ಬಿಡುವುದನ್ನೇ ನಿಲ್ಲಿಸಬಹುದು ಎಂಬುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಈಗಿನ ಕಾಂಪೌಂಡ್ ಬಿಲ್ಲು ಈ ತಾಪತ್ರಯವನ್ನು ಇನ್ನಷ್ಟು ದೂರಕ್ಕೆ ಒಯ್ದಿದೆ. 1969ರಲ್ಲಿ ಅಮೆರಿಕದ ಮಿಸ್ಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಎಂಬಾತ ಇದಕ್ಕೆ ಪೇಟೆಂಟ್ ಪಡೆದ. ಬಿಲ್ಲಿನ ಎರಡು ತುದಿಗೂ ಗಾಲಿ. ನಮ್ಮ ಬಾವಿಯ ರಾಟೆಯ ದೂರದ ನೆಂಟರು. 60 ಪೌಂಡಿನ ಬಿಲ್ಲನ್ನು ಪೂರ್ತಿ ಎಳೆದು ಹಿಡಿದಾಗ ಗಾಲಿ ಹೊರಳಿ ನೂರಕ್ಕೆ 80ರಷ್ಟು ಭಾರ ಇಳಿದರೆ, ಕೈಯಲ್ಲಿ ಉಳಿಯುವುದು 12 ಪೌಂಡ್ ಮಾತ್ರ. ಪೂರ್ತಿ ಮೈಮೇಲೆ ಎಳೆದುಕೊಂಡ ಮೇಲೆ ಹಗುರಾಗುವ ಭಾರ ಸಂಸಾರದಲ್ಲಿ ಬೇರೆ ಇದ್ದಂತಿಲ್ಲ. ಆರಿಸುವ ಕ್ರಮವೂ ಅಂಗಿ ಹೊಲಿಸಿದಂತೆಯೇ: ಎರಡೂ ತೋಳು ಚಾಚಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು, ಎರಡೂವರೆಯಿಂದ ಭಾಗಿಸಬೇಕು. 70 ಅಂಗುಲ ಬಂದರೆ ಸುಮಾರು 28 ಅಂಗುಲದ ಎಳೆತ. ಪಕ್ಕದ ಮನೆಯವನದು 70 ಪೌಂಡಿನದೆಂದು ನಮಗೂ ಅಷ್ಟೇ ಬೇಕೆನ್ನುವುದು ಅವನ ಅಳತೆಯ ಅಂಗಿ ತೊಟ್ಟಂತೆ. ಇನ್ನೊಂದು ಮಾತು: ಬಾಣ ಹೂಡದೆ ಬರಿದೇ ಹೆದೆ ಬಿಟ್ಟರೆ ಆ ಬಲವೆಲ್ಲ ಬಿಲ್ಲಿಗೇ ತಿರುಗಿ ಅದು ಸೀಳಿಹೋಗಬಹುದು. ಬರೀ ಜಂಬದಿಂದ ಕೆಡುವ ಆಯುಧ ಇದು.

ಬೇಟೆಗೆ ಬೇಕಲ್ಲ ಎನ್ನುವವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ನಿಂತಿದೆ. ಚಿಗರಿಗೆ ಬಿಟ್ಟ ಬಾಣ ತಪ್ಪದೆ ತಿರುಗಿ ಬರುತ್ತದೆ, ಸಮನ್ಸಿನ ರೂಪದಲ್ಲಿ. ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ ಸೆರೆಮನೆ. ಹಾಗಾದರೆ ಗೋವಿನಜೋಳ ಬಗೆದು ತಿನ್ನುವ ಹಂದಿಗೆ ಹೊಲದವನು ಕೈಮುಗಿಯಬೇಕೇ? ದೂರು ನ್ಯಾಯವಾದದ್ದೇ. ಆದರೆ ಹಂದಿ ಹೊಡೆಯಲು ಅರಣ್ಯ ಅಧಿಕಾರಿಯ ಲಿಖಿತ ಅನುಮತಿ ಬೇಕು, ಅದು ಬಿಲ್ಲಿನ ಡಬ್ಬಿಯಲ್ಲಿ ಬರುವುದಿಲ್ಲ. ಇನ್ನು ಹಕ್ಕಿ ಓಡಿಸಲು ಅಟ್ಟದ ಮೇಲಿನ ಕವಣಿ ಸಾಕು. ಕವಣಿ ಕಲ್ಲನ್ನು ಯಾರೂ ಹುಡುಕಿ ತರಬೇಕಾಗಿಲ್ಲ, ಹೊಲದಲ್ಲೇ ಬೇಕಾದಷ್ಟಿರುತ್ತವೆ.

ವೀರರ ನೆಲದಲ್ಲಿ ಇಂಥ ಮೆತ್ತಗಿನ ಮಾತೇ ಎಂದು ಮೀಸೆ ತಿರುವುವವರೂ ಇದ್ದಾರೆ. ಅವರಿಗೆ ಕಿತ್ತೂರೇ ಉತ್ತರ ಹೇಳುತ್ತದೆ. 1824ರ ಅಕ್ಟೋಬರ್ 23ರಂದು, ಕಿತ್ತೂರಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಉರುಳಿಸಿದವನು ಅಮಟೂರು ಬಾಳಪ್ಪ ಎಂದು ನಾಡು ಇಂದಿಗೂ ಹೇಳುತ್ತದೆ. ಅವನ ಕೈಲಿದ್ದ ಬಂದೂಕು ಯಾವ ಕಂಪನಿಯದೆಂದು ಯಾರೂ ಕೇಳಿಲ್ಲ. ನೆನಪಿನಲ್ಲಿ ಉಳಿಯುವುದು ಗುರಿ, ಸರಕಲ್ಲ. ರಾಮದುರ್ಗದ ಕಡೆ ಬಂದರೆ ಸುರೇಬಾನದ ಶಬರಿಕೊಳ್ಳ. ಶ್ರೀರಾಮನಂಥ ಬಿಲ್ಲುಗಾರ ಅಲ್ಲಿಗೆ ಬಂದನೆಂಬ ನಂಬಿಕೆಯಿದೆ. ಬಂದವನು ತಿಂದದ್ದು ಮುದುಕಿ ಕೊಟ್ಟ ಬಾರಿಹಣ್ಣು.

ಇಷ್ಟಾದರೂ ಕೈ ತುರಿಸಿದರೆ ಗುರಿಹಲಗೆ ಇದೆ. ಹೊರಾಂಗಣ ಕಾಂಪೌಂಡ್ ಸ್ಪರ್ಧೆಯಲ್ಲಿ ಅದು ನಿಲ್ಲುವುದು 50 ಮೀಟರಿನಲ್ಲಿ; 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಈ ಬಿಲ್ಲಿಗೆ ಪ್ರವೇಶ ಸಿಕ್ಕಿದೆ. ಹಲಗೆ ಓಡುವುದಿಲ್ಲ, ಕೋರ್ಟಿಗೂ ಹೋಗುವುದಿಲ್ಲ, ಬಂದ ಬಾಣವನ್ನು ಜೋಪಾನವಾಗಿ ಹಿಡಿದುಕೊಂಡಿರುತ್ತದೆ. ತರಲು ಹೋಗಿಬರುವ 100 ಮೀಟರು ಮಾತ್ರ ಬಿಟ್ಟವನೇ ನಡೆಯಬೇಕು. ಆದ್ದರಿಂದ ಪೇಟೆಗೆ ಹೋದವನು ಮೊದಲು ತನ್ನ ಅಳತೆಯ ಚಪ್ಪಲಿ ಕೊಳ್ಳಲಿ, ಆಮೇಲೆ ಛತ್ರಿ. ದುಡ್ಡು ಉಳಿದರೆ ಬಿಲ್ಲು.