ಫುಲ್ ಟ್ಯಾಂಕ್ ಧಣಿ

ರಾಯಚೂರಿನ ಪೆಟ್ರೋಲ್ ಬಂಕಿಗೆ ಬರುವ ಗಿರಾಕಿಗಳಲ್ಲಿ ಎರಡು ಪಂಗಡ. ಐನೂರರ ನೋಟು ಕಿಟಕಿಯಿಂದ ಚಾಚಿ 'ಇಷ್ಟಕ್ಕ ಹಾಕಪಾ' ಅನ್ನುವವರು ಒಂದು. ಎಂಜಿನ್ ಬಂದ್ ಮಾಡಿ, ಕೆಳಗಿಳಿದು, ಅಂಗಿಯ ತೋಳು ಸರಿಮಾಡಿಕೊಂಡು, ಸುತ್ತ ನಾಲ್ಕು ಜನ ನಿಂತಿದ್ದಾರೆಂದು ಖಾತ್ರಿಯಾದ ಮೇಲೆ 'ಫುಲ್' ಅನ್ನುವವರು ಇನ್ನೊಂದು. ಈ ಎರಡನೇ ಪಂಗಡದ ಮುಕುಟಮಣಿಯೇ ಫುಲ್ ಟ್ಯಾಂಕ್ ಧಣಿ. ಹೆಸರು ಕೇಳಬೇಡಿ. ಗಂಜ್ ಮಾರುಕಟ್ಟೆಯಲ್ಲಿ ಒಬ್ಬರು, ಮಾನ್ವಿಯಲ್ಲಿ ಇಬ್ಬರು, ದೇವದುರ್ಗದ ಬಸ್ ನಿಲ್ದಾಣದೆದುರು ಚಹಾ ಕುಡಿಯುತ್ತ ಒಬ್ಬರು ಇದ್ದೇ ಇರುತ್ತಾರೆ.

ಧಣಿಯ ಸಂಸಾರ ಮೂರು ಮೂಲೆಯದು. ಮನೆ ಮತ್ತು ಅಡತಿ ಅಂಗಡಿ ರಾಯಚೂರಿನಲ್ಲಿ. ಭತ್ತದ ಗದ್ದೆ ಮಾನ್ವಿ ಕಡೆ. ಹೆಂಡತಿಯ ತವರು, ಅದರ ಜೊತೆ ಬಂದ ಹತ್ತಿ-ತೊಗರಿಯ ಎರೆ ಹೊಲ ದೇವದುರ್ಗದಲ್ಲಿ. ರಾಯಚೂರಿನಿಂದ ಎರಡೂ ಊರು ಐವತ್ತು ಕಿಲೋಮೀಟರಿನ ಆಸುಪಾಸು. ದಾರಿಯಲ್ಲಿ ಬಂಕುಗಳಿಗೆ ಬರವಿಲ್ಲ. ತೆಲಂಗಾಣ, ಆಂಧ್ರಕ್ಕಿಂತ ಇಲ್ಲಿ ಡೀಸೆಲ್ ಅಗ್ಗವೆಂದು ಆಚೆಯ ಲಾರಿಗಳು ಗಡಿ ದಾಟಿ ಬಂದು ತುಂಬಿಸಿಕೊಂಡು ಹೋಗುವ ಸೀಮೆ ಇದು. ಇಲ್ಲಿ ಡೀಸೆಲ್ ಸಿಗದೆ ನಡುದಾರಿಯಲ್ಲಿ ನಿಲ್ಲಬೇಕಾದರೆ ಅದಕ್ಕೆ ವಿಶೇಷ ಪ್ರತಿಭೆಯೇ ಬೇಕು. ಇಂಥ ಸೀಮೆಯಲ್ಲಿ ಧಣಿ ತಮ್ಮ ಗಾಡಿಗೆ 120 ಲೀಟರಿನ ಟ್ಯಾಂಕು ಕೂರಿಸಿಕೊಂಡಿದ್ದಾರೆ.

ಗಾಡಿ ಮಹೀಂದ್ರಾ ಥಾರ್, 2020ರಲ್ಲಿ ಹೊಸ ರೂಪದಲ್ಲಿ ಬಂದದ್ದು, ನಾಲ್ಕೂ ಗಾಲಿ ಜಗ್ಗುವಂಥದ್ದು. ಜಗ್ಗಿಸುವ ಎರಡನೇ ಲಿವರನ್ನು ಷೋರೂಮಿನ ಹುಡುಗ ತೋರಿಸಿಕೊಟ್ಟ ದಿನ ಒಮ್ಮೆ ಮುಟ್ಟಿದ್ದು, ಆಮೇಲೆ ಅದರ ತಂಟೆಗೆ ಹೋಗಿಲ್ಲ. ಉಳಿದ ಸಿದ್ಧತೆಗೆ ಮಾತ್ರ ಏನೂ ಕಡಿಮೆಯಿಲ್ಲ. ಮುಂದೆ ವಿಂಚು, ನೆತ್ತಿಗೆ ಲೈಟ್ ಬಾರ್, ಹಿಂದೆ ಸಲಿಕೆ, ಪಕ್ಕದಲ್ಲಿ ಆಳದ ನೀರು ದಾಟುವಾಗ ಎಂಜಿನ್ನಿಗೆ ಉಸಿರು ಕೊಡುವ ಸ್ನಾರ್ಕೆಲ್. ಏಪ್ರಿಲ್ ತಿಂಗಳಲ್ಲಿ ತುಂಗಭದ್ರೆಯಲ್ಲಿ ಎಮ್ಮೆಯ ಮೊಳಕಾಲು ಮುಳುಗುವುದಿಲ್ಲ. ಆದರೂ ಧಣಿಯ ಗಾಡಿ ಆ ಕೊಳವೆ ಎತ್ತಿಕೊಂಡೇ ರಾಜೇಂದ್ರ ಗಂಜಿನ ಹತ್ತಿ ಗಾಡಿಗಳ ಸಾಲಿನಲ್ಲಿ ನುಸುಳುತ್ತದೆ.

ಇಷ್ಟೆಲ್ಲ ಎಲ್ಲಿಗೆ? ಲಡಾಖಿಗೆ. ಯಾವಾಗ? ರಾಶಿ ಮುಗಿದ ಮೇಲೆ. ರಾಶಿ ಮುಗಿದ ಮೇಲೆ ರೇಟು ಬರಬೇಕು. ರೇಟು ಬಂದ ವರ್ಷ ಮನೆಯಲ್ಲಿ ಒಂದು ಮದುವೆ ಬರುತ್ತದೆ. ಮದುವೆ ಮುಗಿಯುವಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟಿರುತ್ತಾರೆ. ಇದೇ ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು ಹದಿನೆಂಟನೇ ಶತಮಾನದಲ್ಲಿ ಕಾಶಿಗೆ ಹೋಗಿಬಂದವರು. ಅವರ ಬಳಿ ಇದ್ದದ್ದು ತಂಬೂರಿ. ಅದಕ್ಕೆ ಡೀಸೆಲ್ ಬೇಕಿರಲಿಲ್ಲ, ಪ್ರಯಾಣಕ್ಕೆ ರಾಶಿ ಮುಗಿಯಬೇಕಿರಲಿಲ್ಲ.

ಟ್ಯಾಂಕಿನ ಹುಚ್ಚು ಹತ್ತಿದ್ದು ಒಂದು ಫೋಟೊದಿಂದ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ತಾಂಡಿ ಎಂಬ ಊರು. ಅಲ್ಲಿನ ಬಂಕಿನ ಬಳಿ, ಮುಂದಿನ ಬಂಕು 365 ಕಿಲೋಮೀಟರಿಗೆ ಎಂದು ಎಚ್ಚರಿಸುವ ಫಲಕ ಪ್ರವಾಸಿಗರ ಫೋಟೊಗಳಲ್ಲಿ ಬಲು ಪ್ರಸಿದ್ಧ. ಧಣಿಯ ಮೊಬೈಲ್ ತೆರೆದರೆ ಮೊದಲು ಕಾಣುವುದು ಮನೆದೇವರಲ್ಲ, ಆ ಫಲಕ. ಎಂಜಿನಿಯರಿಂಗ್ ಓದುವ ಸೋದರಳಿಯ ಒಮ್ಮೆ ಲೆಕ್ಕ ಹಾಕಿ ತೋರಿಸಿದ. ಥಾರಿಗೆ ಕಂಪನಿ ಕೊಟ್ಟ ಟ್ಯಾಂಕು 57 ಲೀಟರಿನದು. ಬೆಟ್ಟದ ದಾರಿಯಲ್ಲಿ ಲೀಟರಿಗೆ ಹತ್ತೇ ಕಿಲೋಮೀಟರ್ ಕೊಟ್ಟರೂ 570 ಆಯಿತು. ಆ 365 ದಾಟಿ ಇನ್ನೂ 200 ಉಳಿಯುತ್ತದೆ.

'ಲೆಕ್ಕ ಬರೋಬ್ಬರಿ ಐತಿ. ದಾರ್‍ಯಾಗ ಏನರ ಆದ್ರ?'

'ಏನರ ಅಂದ್ರ ಏನು, ಮಾಮಾ?'

'ಏನರ.'

ಸೋದರಳಿಯ ಲ್ಯಾಪ್‌ಟಾಪ್ ಮುಚ್ಚಿದ.

ದೊಡ್ಡ ಟ್ಯಾಂಕು ನಿಜಕ್ಕೂ ಅಗತ್ಯವಾದ ಜಾಗ ಭೂಮಿಯ ಮೇಲೆ ಇಲ್ಲವೆಂದಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಕ್ಯಾನಿಂಗ್ ಸ್ಟಾಕ್ ರೂಟ್, ಒಂದು ಕಾಲಕ್ಕೆ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ದಾರಿ, ಸುಮಾರು 1,850 ಕಿಲೋಮೀಟರ್ ಮರಳುಗಾಡು. ನಡುದಾರಿಯಲ್ಲಿ ಕುನವರ್ರಿಟ್ಜಿ ಎಂಬ ಮೂಲನಿವಾಸಿಗಳ ಊರಿನಲ್ಲಿ ಇಂಧನ ಸಿಕ್ಕರೆ ಸಿಕ್ಕಿತು. ಆ ದೇಶದಲ್ಲಿ ಓಡುವ ಟೊಯೋಟಾ ಲ್ಯಾಂಡ್ ಕ್ರೂಸರ್ ಟ್ರೂಪ್ ಕ್ಯಾರಿಯರಿಗೆ ಕಂಪನಿಯೇ 90 ಲೀಟರಿನ ಎರಡು ಟ್ಯಾಂಕು ಕೊಟ್ಟದ್ದುಂಟು. ಅದೂ ಸಾಲದವರಿಗೆ ಹಳೆಯದನ್ನು ಬಿಚ್ಚಿ ಅದೇ ಜಾಗಕ್ಕೆ ಕೂರಿಸುವ ದೊಡ್ಡ ಟ್ಯಾಂಕು ಮಾಡಿಕೊಡುವ ಕಾರ್ಖಾನೆಗಳೇ ಇವೆ. ಧಣಿ ಈ ವಿಡಿಯೊಗಳನ್ನು ರಾತ್ರಿ ಹನ್ನೊಂದರ ತನಕ ನೋಡುತ್ತಾರೆ. ಇಂಗ್ಲಿಷ್ ಅರ್ಥವಾಗದಿದ್ದರೂ ಬಿಸಿಲು ಅರ್ಥವಾಗುತ್ತದೆ. 'ನಮ್ಮ ಕಡೀನೂ ಹಿಂಗಾ ಅಲ್ಲೇನ?' ಎಂದು ಪಕ್ಕದಲ್ಲಿ ನಿದ್ದೆ ಹೋದ ಹೆಂಡತಿಯನ್ನು ಎಬ್ಬಿಸಿ ಕೇಳುತ್ತಾರೆ.

ಆಸ್ಟ್ರೇಲಿಯಾದ ಕೆಲಸವನ್ನು ರಾಯಚೂರಿನ ಮಿಸ್ತ್ರಿ ಒಬ್ಬರು ಒಪ್ಪಿಕೊಂಡರು. ಒಪ್ಪಿದ ದಿನವೇ ಜಗಳ. ಗೋದಾಮಿನ ಛಾವಣಿಗೆ ತಂದು ಉಳಿದ ಝಿಂಕ್ ತಗಡು ಧಣಿಯ ಬಳಿ ಬಿದ್ದಿತ್ತು; ಅದರಲ್ಲೇ ಟ್ಯಾಂಕು ಆಗಬೇಕೆಂದು ಅವರ ಹಟ. 'ಡೀಸೆಲ್ಲಿಗೂ ಝಿಂಕಿಗೂ ಆಗಿಬರಂಗಿಲ್ರೀ ಧಣೇರ. ಗಸಿ ಬಿಡ್ತೈತಿ, ಫಿಲ್ಟರ್ ಕಟ್ಕೊಂತೈತಿ' ಎಂದರು ಮಿಸ್ತ್ರಿ. ಓದಿದ ಎಂಜಿನಿಯರ್ ಇದನ್ನೇ ಉದ್ದ ಮಾಡಿ ಹೇಳುತ್ತಾನೆ: ತಗಡಿನ ಮೇಲಿನ ಸತುವು ಡೀಸೆಲ್ಲಿನಲ್ಲಿರುವ ಆಮ್ಲದ ಅಂಶದೊಡನೆ ಸೇರಿ ಸೋಪಿನಂಥ ಪದಾರ್ಥವಾಗುತ್ತದೆ, ಅದು ಹೋಗಿ ಫಿಲ್ಟರಿನಲ್ಲಿ ಕೂರುತ್ತದೆ. ಹಳೆಯ ಟ್ಯಾಂಕನ್ನೇ ಕತ್ತರಿಸಿ ತುಂಡು ಕೂಡಿಸು ಎಂಬ ಎರಡನೇ ಸಲಹೆಗೆ ಮಿಸ್ತ್ರಿ ಮಾತೇ ಆಡಲಿಲ್ಲ. ಖಾಲಿ ಟ್ಯಾಂಕೆಂದರೆ ಡೀಸೆಲ್ ಆವಿ ತುಂಬಿದ ಟ್ಯಾಂಕು. ವೆಲ್ಡಿಂಗ್ ಕಿಡಿ ತಾಗಿದರೆ ಏನಾಗುತ್ತದೆಂದು ಬಲ್ಲವರು ನೀರು ತುಂಬಿಸದೆ ಅದರ ಹತ್ತಿರ ಸುಳಿಯುವುದಿಲ್ಲ.

ಕೊನೆಗೆ ಎಂ.ಎಸ್. (ಮೈಲ್ಡ್ ಸ್ಟೀಲ್) ತಗಡೇ ಬಂತು. ಮಿಸ್ತ್ರಿ ಅಂಗಾತ ಮಲಗಿ ಗಾಡಿಯಡಿ ಸರಿದು, ರಟ್ಟಿನ ತುಂಡುಗಳನ್ನು ಕತ್ತರಿಸಿ ಅಳತೆ ಹಿಡಿದರು. ಒಂದು ಕಡೆ ಸೈಲೆನ್ಸರ್ ಪೈಪು, ನಡುವೆ ಜಾಯಿಂಟ್ ಶಾಫ್ಟು, ಹಿಂದೆ ಡಿಫರೆನ್ಷಿಯಲ್ ಗುಂಡು. ಇವುಗಳ ನಡುವೆ ಉಳಿದ ಜಾಗವೇ ಟ್ಯಾಂಕಿನ ಆಕಾರ. ಧಣಿ ಕೇಳಿದ್ದು 200 ಲೀಟರ್. '120ರ ಮ್ಯಾಲೆ ಹೋದ್ರ ನೆಲಕ್ಕ ಜೋತ್ ಬೀಳ್ತೈತಿ' ಎಂಬುದು ಮಿಸ್ತ್ರಿಯ ತೀರ್ಪು. ಕಲ್ಲು-ಗುಂಡಿಗೆ ತಾಗಬಾರದೆಂದು ಕಂಪನಿ 226 ಮಿಲಿಮೀಟರ್ ಎತ್ತರ ಬಿಟ್ಟು ಮಾಡಿದ ಗಾಡಿಗೆ ಹೊಟ್ಟೆ ಬರಿಸುವುದು ಅವರಿಗೂ ಮನಸ್ಸಿಲ್ಲ. ಒಳಗೆ ತೂತು ಕೊರೆದ ಅಡ್ಡ ತಗಡುಗಳನ್ನು ನಿಲ್ಲಿಸಿದರು. 120 ಲೀಟರ್ ಡೀಸೆಲ್ ಎಂದರೆ ಹತ್ತಿರಹತ್ತಿರ ನೂರು ಕಿಲೋ ತೂಕ. ಅಡ್ಡ ತಗಡಿಲ್ಲದಿದ್ದರೆ ಬ್ರೇಕು ಒತ್ತಿದಾಗ ಗಾಡಿ ನಿಂತರೂ ಡೀಸೆಲ್ ನಿಲ್ಲುವುದಿಲ್ಲ. ಬೆಸುಗೆಗಳಿಗೆ ಸೋಪಿನ ನೀರು ಬಳಿದು ಒಳಗೆ ಗಾಳಿ ತುಂಬಿ ಗುಳ್ಳೆ ಏಳುವುದನ್ನು ಕಾದರು. ಒಂದು ಮೂಲೆಯಲ್ಲಿ ಒಂದೇ ಒಂದು ಗುಳ್ಳೆ ಎದ್ದಿತು. ಮಿಸ್ತ್ರಿ ಅದನ್ನು ಬೆರಳಿಂದ ಒಡೆದು, ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಇನ್ನೊಂದು ಬೆಸುಗೆ ಬಿಟ್ಟರು.

ಖರ್ಚೆಷ್ಟಾಯಿತು ಎಂಬುದಕ್ಕೆ ಮೂರು ಉತ್ತರಗಳು ಚಾಲ್ತಿಯಲ್ಲಿವೆ. ಹೆಂಡತಿಗೆ ಹೇಳಿದ್ದು ಹನ್ನೆರಡು ಸಾವಿರ. ಗೆಳೆಯರಿಗೆ ಹೇಳಿದ್ದು ಅರವತ್ತು ಸಾವಿರ. ಮೂರನೆಯದು ಮಿಸ್ತ್ರಿಗೆ ಮಾತ್ರ ಗೊತ್ತು. ಅದರಲ್ಲಿ ಅರ್ಧ ಇನ್ನೂ ಬರಬೇಕು.

ಕಾಯ್ದೆಯ ಮಾತು ತೆಗೆದವನೂ ಆ ಸೋದರಳಿಯನೇ. ಕಂಪನಿ ಕೊಟ್ಟದ್ದಕ್ಕೂ ನೋಂದಣಿ ಪುಸ್ತಕದಲ್ಲಿರುವುದಕ್ಕೂ ತಾಳೆಯಾಗದಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ತಿದ್ದುಪಡಿ ಇನ್ನೂ ಬಿಗಿ: ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಧಣಿ ಗಂಭೀರವಾಗಿ ಕೇಳಿಸಿಕೊಂಡು ವಿಚಾರಿಸಿದ್ದು ಒಂದೇ: 'ಟಾಕಿಗೆ ಐದು ಸಾವಿರೋ, ಲೀಟರಿಗೋ?'

ಮೊದಲ ಸಲ ಬಂಕಿಗೆ ಹೋದ ದಿನ ನೋಡುವಂತಿತ್ತು. ಮೀಟರು ಐವತ್ತು ದಾಟಿತು, ಐವತ್ತೈದು ದಾಟಿತು. ಅರವತ್ತು ದಾಟಿದ ಕೂಡಲೇ ಬಂಕಿನ ಹುಡುಗ ನಳಿಕೆ ಬಿಡದೆಯೇ ಬಗ್ಗಿ ಗಾಡಿಯ ಕೆಳಗೆ ನೋಡಿದ, ಎಲ್ಲಿ ಸೋರುತ್ತಿದೆಯೋ ಎಂದು. ಎಪ್ಪತ್ತಕ್ಕೆ ಇನ್ನೊಮ್ಮೆ ಬಗ್ಗಿದ. 'ಅಣ್ಣಾರ, ಇದು ಗಾಡಿನೋ ಟ್ಯಾಂಕರೋ?' ಧಣಿ ಉತ್ತರಿಸಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದೆ ಸಾಲಿನಲ್ಲಿ ನಿಂತ ದೇವದುರ್ಗದ ಪ್ಯಾಸೆಂಜರ್ ಕ್ರೂಸರಿನ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಅವನು ಐನೂರರ ಪಂಗಡದವನು. ಅವನ ಗಾಡಿಯ ಮುಳ್ಳು ಕೆಂಪು ಗೆರೆ ಬಿಟ್ಟು ಮೇಲೆದ್ದದ್ದನ್ನು ಯಾರೂ ಕಂಡಿಲ್ಲ. ಒಳಗೆ, ಹೊರಗೆ, ಏಣಿಯ ಮೇಲೆ ಜನ ತುಂಬಿಕೊಂಡು ದಿನಾ ಆ ಊರಿಗೆ ಈ ಊರಿಗೆ ಓಡುತ್ತಾನೆ, ಒಮ್ಮೆಯೂ ನಿಂತಿಲ್ಲ. ಧಣಿಗೆ ಅವನನ್ನು ಕಂಡರೆ ಆಗದು.

ಕುತ್ತಿಗೆಮಟ್ಟ ತುಂಬಿಸಿದ ತಪ್ಪಿಗೆ ಮರುದಿನ ಮಧ್ಯಾಹ್ನವೇ ಶಿಕ್ಷೆಯಾಯಿತು. ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ ತಂಪಾಗಿದ್ದ ಡೀಸೆಲ್ ಮೇ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ಹದಿನೈದು ಡಿಗ್ರಿ ಹೆಚ್ಚು ಕಾದರೆ ಸಾಕು, 120 ಲೀಟರ್ ಉಬ್ಬಿ ಒಂದೂವರೆ ಲೀಟರಿನಷ್ಟು ಹೆಚ್ಚಾಗುತ್ತದೆ. ಕಂಪನಿಗಳು ಟ್ಯಾಂಕಿನ ಅಳತೆ ಹೇಳುವಾಗ ಒಂದಿಷ್ಟು ಜಾಗ ಬಿಟ್ಟೇ ಹೇಳುವುದು ಇದಕ್ಕೇ. ಗಾಳಿ ಪೈಪಿನಿಂದ ತೊಟ್ಟು ತೊಟ್ಟು ಇಳಿದು ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಕಪ್ಪು ವರ್ತುಲ ಮೂಡಿತು. ಹೆಂಡತಿ ಮಾತಾಡದೆ ಸ್ಟೀಲಿನ ಬೋಗುಣಿ ತಂದಿಟ್ಟರು. ಹಳೆಯ ಟ್ಯಾಂಕಿನ ತೇಲುಗುಂಡನ್ನೇ ಹೊಸದಕ್ಕೆ ಹಾಕಿದ್ದರಿಂದ ಮುಳ್ಳಿನ ಲೆಕ್ಕವೂ ಕೆಟ್ಟಿತ್ತು. ಮಾನ್ವಿಗೆ ಎಷ್ಟು ಸಲ ಹೋಗಿಬಂದರೂ ಅದು 'ಫುಲ್' ಬಿಟ್ಟು ಕದಲದು, ಕದಲಿತೆಂದರೆ ಎರಡೇ ದಿನಕ್ಕೆ ತಳ. ಧಣಿ ಈಗ ಕಿಲೋಮೀಟರುಗಳನ್ನು ಅಡತಿ ಡೈರಿಯಲ್ಲಿ ಬರೆದಿಡುತ್ತಾರೆ, ಹತ್ತಿಯ ರೇಟಿನ ಪಕ್ಕದಲ್ಲಿ.

ಇಷ್ಟು ನಕ್ಕ ಮೇಲೆ ಧಣಿಯ ಪರವಾಗಿಯೂ ಒಂದು ಮಾತು ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಮಾನ್ವಿ, ರಾಯಚೂರು ಅದರ ಕೊನೆಯ ಭಾಗ. ಮೇಲಿನವರ ಗದ್ದೆ ಕುಡಿದು ಉಳಿದ ನೀರು ಇಲ್ಲಿಗೆ. ಅದೂ ಸರದಿಯ ಮೇಲೆ, ಚಳವಳಿ ಮಾಡಿದ ಮೇಲೆ. 133 ಟಿಎಂಸಿ ಇದ್ದ ಜಲಾಶಯ ಹೂಳು ತುಂಬಿ ಈಗ 105ರ ಹತ್ತಿರ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟು ಚೈನು ಹರಿದು ಕೊಚ್ಚಿಹೋದಾಗ, ತುಂಬಿದ ಡ್ಯಾಮು ಕಣ್ಣೆದುರೇ ಹರಿದುಹೋಗುವುದನ್ನು ಈ ಸೀಮೆಯವರೆಲ್ಲ ಟಿವಿಯ ಮುಂದೆ ಕೂತು ನೋಡಿದ್ದಾರೆ. ಕಾಲುವೆಯ ತುದಿಯಲ್ಲಿ ಹುಟ್ಟಿದವರಿಗೆ ಸಿಕ್ಕಾಗ ತುಂಬಿಸಿಕೊಳ್ಳುವುದು ರಕ್ತದಲ್ಲೇ ಬಂದ ಬುದ್ಧಿ. ಮನೆಯ ಮೇಲೆ ಎರಡು ಸಿಂಟೆಕ್ಸ್, ಹೊಲದಲ್ಲಿ ಕೃಷಿ ಹೊಂಡ, ಪಡಸಾಲೆಯಲ್ಲಿ ಜೋಳದ ಚೀಲ, ಗಾಡಿಯಡಿ 120 ಲೀಟರ್.

ಧಣಿಯ ಅಣ್ಣನದೂ ಅದೇ ಬುದ್ಧಿ, ಇರುವುದು ಮಾನ್ವಿಯಲ್ಲಿ. ಟ್ರ್ಯಾಕ್ಟರಿಗೆಂದು ಕೊಟ್ಟಿಗೆಯಲ್ಲಿ ಡೀಸೆಲ್ಲಿನ ಡ್ರಮ್ಮು ಇಟ್ಟಿದ್ದಾರೆ. ಒಂದು ಜಾಗದಲ್ಲಿ 2,500 ಲೀಟರಿನವರೆಗೆ, ಒಂದೊಂದು ಪಾತ್ರೆಯಲ್ಲಿ 1,000 ಮೀರದಂತೆ ಡೀಸೆಲ್ ಇಟ್ಟುಕೊಳ್ಳಲು ಪೆಟ್ರೋಲಿಯಂ ಕಾಯ್ದೆಯ ಲೈಸೆನ್ಸು ಬೇಡ. ಹಾಗಾದರೆ ಧಣಿಯೂ ಒಂದು ಡ್ರಮ್ಮು ಇಡಬಹುದಿತ್ತಲ್ಲ? ಇಡಬಹುದಿತ್ತು. ಡ್ರಮ್ಮಿಗೆ ನಂಬರ್ ಪ್ಲೇಟ್ ಇಲ್ಲ, ಅದೇ ತೊಂದರೆ. ದೊಡ್ಡ ಟ್ಯಾಂಕಿನಿಂದ ದುಡ್ಡು ಉಳಿಯುತ್ತದೆಂಬ ಧಣಿಯ ವಾದವೂ ಹೆಚ್ಚು ಹೊತ್ತು ನಿಲ್ಲಲಿಲ್ಲ. 2025ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಡೀಸೆಲ್ ಎರಡು ರೂಪಾಯಿ ಏರುತ್ತದೆಂದು ತಿಳಿದದ್ದೇ ಧಣಿ ಹಿಂದಿನ ರಾತ್ರಿ ಸಾಲಿನಲ್ಲಿ ನಿಂತು ತುಂಬಿಸಿಕೊಂಡರು. ಉಳಿದದ್ದು 240 ರೂಪಾಯಿ. ಆ ಖುಷಿಗೆ ಗೆಳೆಯರಿಗೆ ಕೊಡಿಸಿದ ಮಿರ್ಚಿ-ಮಂಡಾಳಿಗೆ ಆದದ್ದು ಮುನ್ನೂರು.

ಆದರೆ ಟ್ಯಾಂಕಿಗೂ ಒಂದು ದಿನ ಬಂತು. ಮಾನ್ವಿ ಕಡೆ ಭತ್ತದ ಕೊಯ್ಲು, ಮೋಡ ಕವಿದ ಸಂಜೆ, ಗಂಟೆಗಿಷ್ಟೆಂದು ಬಾಡಿಗೆಗೆ ತಂದ ಕಟಾವು ಮಷಿನ್ನು ನಡುಗದ್ದೆಯಲ್ಲಿ ಡೀಸೆಲ್ ತೀರಿ ನಿಂತಿತು. ಕ್ಯಾನು ಹಿಡಿದು ಬಂಕಿಗೆ ಬೈಕು ಹೊರಟಿತ್ತು. ಧಣಿ ಥಾರನ್ನು ಬದುವಿಗೆ ತಂದು ನಿಲ್ಲಿಸಿ, ಲುಂಗಿ ಎತ್ತಿ ಕಟ್ಟಿ, ತಾವೇ ಗಾಡಿಯಡಿ ತೂರಿ ಟ್ಯಾಂಕಿನ ಬುಡದ ಬೋಲ್ಟು ಬಿಚ್ಚಿ ಬಕೆಟ್ಟು ಹಿಡಿದರು. ಎರಡು ಬಕೆಟ್ಟು ಮಷಿನ್ನಿಗೆ, ಅರ್ಧ ಬಕೆಟ್ಟು ಅಂಗಿಗೆ. ಮಳೆಗೆ ಮೊದಲು ಗದ್ದೆ ಮುಗಿಯಿತು. ಅಂಗಿ ಇವತ್ತಿಗೂ ವಾಸನೆ ಬಿಟ್ಟಿಲ್ಲ, ಒಗೆಯಲು ಧಣಿ ಬಿಟ್ಟೂ ಇಲ್ಲ.

ಸುದ್ದಿ ಊರಿನಿಂದ ಊರಿಗೆ ಹಬ್ಬಿತು. ಈಗ ಥಾರ್ ಬದುವಿನ ಮೇಲೆ ಕಂಡರೆ ಸಾಕು, ಅಕ್ಕಪಕ್ಕದವರು ಕೊಡ ಹಿಡಿದು ಬರುತ್ತಾರೆ. 'ಧಣೇರ, ಹತ್ತು ಲೀಟರ್ ಬಿಡ್ರಿ, ಭತ್ತ ತೂಕಾದ ಮ್ಯಾಲೆ ಕೊಡ್ತೀನಿ.' ಅಡತಿ ಡೈರಿಯಲ್ಲಿ ಕಿಲೋಮೀಟರುಗಳ ಕೆಳಗೆ ಉದ್ರಿಯ ಪಟ್ಟಿ ಶುರುವಾಗಿದೆ. ಹೋದ ವಾರ ಧಣಿ ಮತ್ತೆ ಮಿಸ್ತ್ರಿಯ ಬಳಿ ಹೋಗಿ, ಟ್ಯಾಂಕಿನ ಬುಡಕ್ಕೆ ನಲ್ಲಿ, ಆ ನಲ್ಲಿಗೊಂದು ಸಣ್ಣ ಮೀಟರು ಕೂರಿಸಿಕೊಡು ಎಂದು ಕೇಳಿದ್ದಾರೆ. ಹಾಗೆ ಮಾಡಿದರೆ ಬಂಕಿನ ಲೈಸೆನ್ಸೇ ತೆಗೆಸಬೇಕಾದೀತು ಎಂದು ಮಿಸ್ತ್ರಿ ಹೆದರಿಸಿ ನೋಡಿದರು. ಧಣಿ ಹೆದರಲಿಲ್ಲ. ಹಳೆಯ ಬಾಕಿಯಲ್ಲಿ ಅರ್ಧ ಎಣಿಸಿಕೊಂಡ ಮೇಲೆ ಮಿಸ್ತ್ರಿ ಮತ್ತೆ ಅಂಗಾತ ಮಲಗಿ, ಗಾಡಿಯಡಿ ಸರಿದು, ನಲ್ಲಿ ಯಾವ ಮಗ್ಗುಲಿಗೆ ಬರಬೇಕು ಎಂದು ಅಲ್ಲಿಂದಲೇ ಕೂಗಿ ಕೇಳಿದರು.