ಓಪಿಡಿ ರಿಜಿಸ್ಟರ್ ಜೊತೆ ಎರಡು ನಿಮಿಷ

ಮೌಲ್ಯಮಾಪನ ತಂಡ ಬಂದುಹೋದ ಮಾರನೇ ದಿನ. ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ರಟ್ಟು ಕಿತ್ತ ಹೊರರೋಗಿ ರಿಜಿಸ್ಟರ್ ಮಾತಿಗೆ ಸಿಕ್ಕಿತು.

ಪ್ರಶ್ನೆ: ಕೇಂದ್ರದ ದಕ್ಷತೆ ಏರಿದೆಯಂತೆ?

ರಿಜಿಸ್ಟರ್: ಏರದೆ? ಒಂದೇ ಜ್ವರವನ್ನು ನನ್ನಲ್ಲಿ ಬರೀತಾರೆ, ಟ್ಯಾಬ್‌ನಲ್ಲಿ ಪೋರ್ಟಲ್‌ಗೆ ತುಂಬ್ತಾರೆ, ತಿಂಗಳ ವರದಿಗೆ ಮತ್ತೆ ಇಳಿಸ್ತಾರೆ. ಇಳಿಯದ್ದು ಜ್ವರ ಒಂದೇ. ನನ್ನ ಸಂಕಟ ಅದಲ್ಲ. ಆ ಟ್ಯಾಬ್‌ಗೆ ಕವರು, ಚಾರ್ಜರು, ಬೀಗದ ಬೀರು. ನನಗೆ ಬೈಂಡಿಂಗಿಗೂ ಗತಿಯಿಲ್ಲ!

ಪ್ರಶ್ನೆ: ಇಲ್ಲಿಗೆ ಬೆಳಗಿನ ಬಸ್ಸು ಎಷ್ಟಕ್ಕೆ?

ರಿಜಿಸ್ಟರ್: ಬಸ್ಸಿಗೆ ನನ್ನಲ್ಲಿ ಕಾಲಂ ಇಲ್ಲ.

ಪ್ರಶ್ನೆ: ವೈದ್ಯರು ರೋಗಿಗೆ ಕೊಡುವ ಹೊತ್ತು? 2017ರಲ್ಲಿ ಬಿಎಂಜೆ ಓಪನ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಲೆಕ್ಕದಲ್ಲಿ ಸ್ವೀಡನ್ನಿನಲ್ಲಿ 22 ನಿಮಿಷ ದಾಟಿತ್ತು, ಬಾಂಗ್ಲಾದೇಶದಲ್ಲಿ 48 ಸೆಕೆಂಡು.

ರಿಜಿಸ್ಟರ್: ಪಾಪ, ಸ್ವೀಡನ್ ಎಷ್ಟು ಹಿಂದುಳಿದಿದೆ! ಸಾಲು ತುಂಬಿದಷ್ಟೂ ನಮಗೆ ಸಾಧನೆ. ವಾಸಿಯಾಗದೆ ವಾರದಲ್ಲಿ ಮೂರು ಸಲ ಬಂದವನು ನನ್ನ ಲೆಕ್ಕಕ್ಕೆ ಮೂರು ರೋಗಿ. ಅದಿರಲಿ, ಆ ಟ್ಯಾಬು...

ಪ್ರಶ್ನೆ: ತಾಳಿ. 2023ರ ಜೂನ್‌ನಿಂದ ರಾಜ್ಯದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಬಸ್ಸೇ ಬಾರದ ಊರಿನ ಬಾಣಂತಿ ಕಾದ ಹೊತ್ತನ್ನು ಅಳೆಯೋರು ಯಾರು?

ರಿಜಿಸ್ಟರ್: ಚೀಟಿ ಮಾಡಿಸಿದ ಮೇಲೆ ಕಾದರೆ ನಮ್ಮ ಇಲಾಖೆ. ಅದಕ್ಕೂ ಮುಂಚೆ ಕಾದಿದ್ದು ಸಾರಿಗೆಯವರದು.

ಪ್ರಶ್ನೆ: ಕೇಂದ್ರದ ಬೋರ್ಡು ಬದಲಾಯಿತಲ್ಲ?

ರಿಜಿಸ್ಟರ್: 2023ರ ಕೊನೆಗೆ ‘ಆಯುಷ್ಮಾನ್ ಆರೋಗ್ಯ ಮಂದಿರ’ ಅಂತ ಹೆಸರಿಟ್ಟರು. ಮಂದಿರ ಅಂದಮೇಲೆ ಮಾತ್ರೆ ಕೇಳಬಾರದು, ತೀರ್ಥ ಕೇಳಬೇಕು.

ಪ್ರಶ್ನೆ: ಆಶಾ ಕಾರ್ಯಕರ್ತೆಯರು?

ರಿಜಿಸ್ಟರ್: ಇಲ್ಲಿ ತಮಾಷೆ ಬೇಡ. ಬಸುರಿಯ ಮನೆಗೆ ಬಿಸಿಲಲ್ಲಿ ನಡೆದು ಬಂದವಳ ಕೆಲಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ಪ್ರೋತ್ಸಾಹಧನವಿಲ್ಲ. ಸರ್ವರ್ ಮಲಗಿದರೆ ಇವಳ ಒಲೆ ಆರಬೇಕು. 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ಅವರು ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ಭಿಕ್ಷೆಯಲ್ಲ ರೀ, ದುಡಿದದ್ದು! ದುಡಿಯೋವಾಗ ಸ್ವಯಂಸೇವಕಿ, ಅಂಕಿ ಕಮ್ಮಿಯಾದಾಗ ತಪ್ಪಿತಸ್ಥೆ. ಅವಳ ಕೂಲಿಯನ್ನು ಸಿಗ್ನಲ್ಲಿಗೆ ಒತ್ತೆಯಿಟ್ಟವರು ನನಗೆ ದಕ್ಷತೆಯ ಪಾಠ ಹೇಳಬೇಡಿ.

ಪ್ರಶ್ನೆ: ಮುಂದಿನ ತಂಡಕ್ಕೆ ಏನಾದರೂ ಹೇಳ್ತೀರಾ?

ರಿಜಿಸ್ಟರ್: ನನಗೆ ರಟ್ಟು ಹಾಕಿಸಿ.

ನನ್ನದೂ ಒಂದು ವಿನಂತಿ ಸೇರಿಸುತ್ತೇನೆ: ಸಾಹೇಬರೇ, ಮುಂದಿನ ಸಲ ಜೀಪು ಬಿಟ್ಟು ಬಸ್ಸಿನಲ್ಲಿ ಬನ್ನಿ. ನಿಮ್ಮ ಗಡಿಯಾರವನ್ನು ಬಸ್ ನಿಲ್ದಾಣದಿಂದಲೇ ಶುರು ಮಾಡಿ.