ಎಂ.ಎಸ್. ಪದವಿಯೂ ಮಲಗಲೊಂದು ಮೂಲೆಯೂ

ಕರ್ನಾಟಕದ ಮಧ್ಯಮವರ್ಗದ ಮನೆಗಳಲ್ಲಿ ಎಂಜಿನಿಯರಿಂಗ್ ಓದಿನ ಏಳನೆಯ ಸೆಮಿಸ್ಟರಿನ ಹೊತ್ತಿಗೆ ಮೊದಲಾಗಿ, ಮುಂದಿನ ಆಗಸ್ಟ್‌ನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕಣ್ಣೀರಿನೊಂದಿಗೆ ಮುಗಿಯುವ ಸಂಸ್ಕಾರವೊಂದುಂಟು. ಶಾಸ್ತ್ರಗ್ರಂಥಗಳು ಎಣಿಸುವ ಹದಿನಾರು ಸಂಸ್ಕಾರಗಳಲ್ಲಿ ಇದು ಸೇರಿಲ್ಲವಾದರೂ, ಖರ್ಚಿನಲ್ಲಿ ಉಪನಯನವನ್ನೂ ಆತಂಕದಲ್ಲಿ ವಿವಾಹವನ್ನೂ ಮೀರಿಸುವ ಇದಕ್ಕೆ ಆಡುಮಾತಿನಲ್ಲಿ ‘ಎಂ.ಎಸ್.ಗೆ ಹೋಗುವುದು’ ಎಂದು ಹೆಸರು. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಎರಡು ವರ್ಷದ ಆಸುಪಾಸು ಓದಿ ಪಡೆಯುವ ಸ್ನಾತಕೋತ್ತರ ಪದವಿ ಇದರ ಪ್ರಕಟ ಉದ್ದೇಶ. ಅಪ್ರಕಟ ಉದ್ದೇಶಗಳು ಮನೆಯಿಂದ ಮನೆಗೆ ಬೇರೆ.

ಈ ಸಂಸ್ಕಾರದಲ್ಲಿ ಎರಡು ನಿರ್ಧಾರಗಳಿವೆ: ಎಲ್ಲಿ ಓದಬೇಕು, ಎಲ್ಲಿ ಮಲಗಬೇಕು. ಮೊದಲನೆಯದಕ್ಕೆ ಇಡೀ ಒಂದು ವರ್ಷ, ಇಬ್ಬರು ಸಲಹೆಗಾರರು ಮತ್ತು ಸಮಸ್ತ ಬಂಧುಬಳಗ ಮೀಸಲಾದರೆ, ಎರಡನೆಯದಕ್ಕೆ ಜುಲೈ ತಿಂಗಳ ಕೊನೆಯ ವಾರ ಮಾತ್ರ ಉಳಿಯುತ್ತದೆ.

ಮೊದಲ ನಿರ್ಧಾರಕ್ಕೆ ಆಧಾರವಾಗುವುದು ರ‍್ಯಾಂಕ್, ಅಂದರೆ ವಿಶ್ವವಿದ್ಯಾಲಯಗಳನ್ನು ಒಂದರ ಕೆಳಗೊಂದು ನಿಲ್ಲಿಸಿ ಪತ್ರಿಕೆಗಳೂ ಸಂಸ್ಥೆಗಳೂ ಪ್ರಕಟಿಸುವ ಪಟ್ಟಿಯಲ್ಲಿನ ಸ್ಥಾನ. ಎಸ್ಸೆಸ್ಸೆಲ್ಸಿಯಿಂದ ಸಿಇಟಿಯವರೆಗೆ ರ‍್ಯಾಂಕಿನಲ್ಲೇ ಬೆಳೆದ ಸಮಾಜಕ್ಕೆ ಇದರ ಮೇಲೆ ಸಹಜವಾಗಿಯೇ ಅಪಾರ ಶ್ರದ್ಧೆ. 1983ರಿಂದ ಇಂಥ ಪಟ್ಟಿಯನ್ನು ಹೊರತರುತ್ತಿರುವ ‘ಯು.ಎಸ್. ನ್ಯೂಸ್’ ಸಂಸ್ಥೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿದ್ದ ಕೊಲಂಬಿಯಾ ವಿಶ್ವವಿದ್ಯಾಲಯವು ಕೊಟ್ಟ ಅಂಕಿಅಂಶಗಳು ತಾಳೆಯಾಗುವುದಿಲ್ಲವೆಂದು 2022ರಲ್ಲಿ ಬರೆದವರು ಅದೇ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಮೈಕೆಲ್ ಥಾಡಿಯಸ್. ಅದೇ ವರ್ಷದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ 18ನೆಯ ಸ್ಥಾನಕ್ಕೆ ಇಳಿಯಿತು. ಈ ನಡುವೆ ಅಲ್ಲಿನ ಕಟ್ಟಡವೇನೂ ಕುಸಿದಿರಲಿಲ್ಲ, ಗ್ರಂಥಾಲಯ ಸುಟ್ಟಿರಲಿಲ್ಲ. ಆದರೂ ಜಯನಗರದ ಸೋದರಮಾವಂದಿರ ದೃಷ್ಟಿಯಲ್ಲಿ ಹದಿನಾರು ಮೆಟ್ಟಿಲಿನ ಇಳಿತವೆಂದರೆ ಹದಿನಾರು ಮೆಟ್ಟಿಲಿನ ಇಳಿತವೇ.

ಸಲಹೆಗಾರರು, ಅಂದರೆ ಅರ್ಜಿ ಹಾಕಿಸುವುದನ್ನೇ ವೃತ್ತಿಯಾಗಿಸಿಕೊಂಡ ಕನ್ಸಲ್ಟೆಂಟರು, ವಿಶ್ವವಿದ್ಯಾಲಯಗಳನ್ನು ‘ಆಂಬಿಷಿಯಸ್’, ‘ಮಾಡರೇಟ್’ ಮತ್ತು ‘ಸೇಫ್’ ಎಂದು ಮೂರು ವರ್ಗ ಮಾಡುತ್ತಾರೆ. ಮೊದಲನೆಯವು ಸೀಟು ಕೊಡಲಾರವು, ಮೂರನೆಯವು ಕೊಡದೆ ಇರಲಾರವು ಎಂಬುದು ಇದರ ತಾತ್ಪರ್ಯ. ಕೆಲವು ವಿಶ್ವವಿದ್ಯಾಲಯಗಳು ಬಂದು ಸೇರಿದ ಪ್ರತಿ ವಿದ್ಯಾರ್ಥಿಯ ಲೆಕ್ಕದಲ್ಲಿ ಈ ಸಲಹೆಗಾರರಿಗೆ ಕಮಿಷನ್ ಕೊಡುವ ಪದ್ಧತಿಯೂ ಇರುವುದರಿಂದ, ಮೂರನೆಯ ವರ್ಗವನ್ನು ವರ್ಣಿಸುವಾಗ ಅವರ ದನಿಯಲ್ಲಿ ಒಂದು ಬಗೆಯ ವಾತ್ಸಲ್ಯ ಕೇಳಿಬರುವುದುಂಟು.

ಪಠ್ಯಕ್ರಮ ಏನೆಂಬ ವಿಚಾರ ಈ ಚರ್ಚೆಯಲ್ಲಿ ಬರುವುದೇ ಅಪರೂಪ; ಬಂದರೂ ಅದು ಸಂಕೇತಸಂಖ್ಯೆಯ ರೂಪದಲ್ಲಿ ಬರುತ್ತದೆ. ವಿದೇಶಿ ವಿದ್ಯಾರ್ಥಿಯು ಪದವಿಯ ಬಳಿಕ ಅಲ್ಲೇ ಕೆಲಸಮಾಡಿ ಅನುಭವ ಗಳಿಸಲು ಕೊಡುವ ಒಪಿಟಿ ಎಂಬ ಅನುಮತಿ ಸಾಮಾನ್ಯವಾಗಿ 12 ತಿಂಗಳಿನದು. ಓದಿದ ವಿಷಯ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತಗಳ ಅಧಿಕೃತ ಪಟ್ಟಿಯಲ್ಲಿದ್ದರೆ ಅದಕ್ಕೆ ಇನ್ನೂ 24 ತಿಂಗಳು ಸೇರಬಹುದು. 45.0601 ಎಂಬ ಸಂಖ್ಯೆಯ ಸಾಮಾನ್ಯ ಅರ್ಥಶಾಸ್ತ್ರ ಈ ಪಟ್ಟಿಯಲ್ಲಿಲ್ಲ, 45.0603 ಎಂಬ ಸಂಖ್ಯೆಯ ಪರಿಮಾಣಾತ್ಮಕ ಅರ್ಥಶಾಸ್ತ್ರ ಇದೆ. ಇದನ್ನು ಮನಗಂಡ ಎಷ್ಟೋ ಅರ್ಥಶಾಸ್ತ್ರ ವಿಭಾಗಗಳು ತಮ್ಮ ಸಂಖ್ಯೆಯನ್ನೇ ಬದಲಿಸಿಕೊಂಡವು. ಕೊನೆಯ ಅಂಕಿಯೊಂದನ್ನು ಬದಲಿಸಿ ಎರಡು ವರ್ಷ ಸಂಪಾದಿಸುವ ಈ ವಿದ್ಯೆಗಿಂತ ಶುದ್ಧವಾದ ಅರ್ಥಶಾಸ್ತ್ರವನ್ನು ಯಾವ ತರಗತಿಯೂ ಕಲಿಸಲಾರದು.

ಇನ್ನು ವಸತಿ. ವಸತಿಯ ಕುರಿತು ತಂದೆತಾಯಿಗಳು ಕೇಳುವ ಪ್ರಶ್ನೆಗಳು ಮೂಲತಃ ಎರಡೇ: ಏರಿಯಾ ಒಳ್ಳೆಯದೇ, ಅಕ್ಕಪಕ್ಕ ನಮ್ಮವರು ಇದ್ದಾರೆಯೇ. ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವವರು ಹೆಸರು, ಊರು, ಉದ್ಯೋಗಗಳ ದಾರಿಯಲ್ಲಿ ಸಾಗಿ ಮೊಟ್ಟೆಯವರೆಗೆ ವಿಚಾರಣೆ ನಡೆಸುವುದನ್ನು ಕಂಡವರಿಗೆ ಇವು ಅತ್ಯಂತ ಸಭ್ಯ ಪ್ರಶ್ನೆಗಳೆನಿಸುತ್ತವೆ. ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್‌ನಲ್ಲಿ, ಸಹಿಯಾಗಿ ಜಾರಿಗೆ ಬಂದ ‘ಫೇರ್ ಹೌಸಿಂಗ್’ ಕಾಯಿದೆಯು ಮನೆಯ ಮಾರಾಟ ಮತ್ತು ಬಾಡಿಗೆಯಲ್ಲಿ ಜನಾಂಗ, ಬಣ್ಣ, ಧರ್ಮ, ಮೂಲದೇಶಗಳ ಆಧಾರದ ಮೇಲೆ ಭೇದ ಮಾಡುವುದನ್ನು ನಿಷೇಧಿಸಿದೆ. ಗಿರಾಕಿಯ ಜನಾಂಗ ನೋಡಿ ಆ ಬೀದಿಗೋ ಈ ಬೀದಿಗೋ ಕೈತೋರಿಸುವುದೂ ಅದರಂತೆ ಕಾನೂನುಬಾಹಿರವೇ. ಆದಕಾರಣ ‘ನಮ್ಮವರು ಇದ್ದಾರೆಯೇ’ ಎಂಬ ಪ್ರಶ್ನೆಗೆ ಅಲ್ಲಿನ ಏಜೆಂಟ್ ಮುಗುಳ್ನಕ್ಕು ಸುಮ್ಮನಾಗುತ್ತಾನೆ, ‘ಏರಿಯಾ ಹೇಗೆ’ ಎಂದರೆ ಪೊಲೀಸರ ಅಂಕಿಅಂಶ ನೋಡಿಕೊಳ್ಳಿ ಎನ್ನುತ್ತಾನೆ. ಏನೋ ಮುಚ್ಚಿಡುತ್ತಿದ್ದಾನೆಂಬ ಶಂಕೆ ಮಲ್ಲೇಶ್ವರದಲ್ಲಿ ಆಗಲೇ ಬೇರೂರುತ್ತದೆ.

ಅಂಕಿಅಂಶಗಳು ನಿಜಕ್ಕೂ ಇವೆ, ಅವುಗಳ ಹಿಂದಿನ ಕತೆ ಮಾತ್ರ ನಗುವಂಥದ್ದಲ್ಲ. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಜೀನ್ ಕ್ಲೆರಿ ತನ್ನ ಹಾಸ್ಟೆಲ್ ಕೋಣೆಯಲ್ಲೇ ಕೊಲೆಯಾದಳು. ಆ ಆವರಣದಲ್ಲಿ ಅದಕ್ಕೆ ಮುಂಚೆ ನಡೆದಿದ್ದ ಅಪರಾಧಗಳ ಸುಳಿವೇ ತಮಗಿರಲಿಲ್ಲವೆಂದು ಅರಿತ ಆಕೆಯ ತಂದೆತಾಯಿ ನಡೆಸಿದ ಹೋರಾಟದ ಫಲವಾಗಿ 1990ರಲ್ಲಿ ಕಾಯಿದೆಯಾಯಿತು. ಈಗ ಅದಕ್ಕೆ ಆಕೆಯದೇ ಹೆಸರು. ಅದರಂತೆ, ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ವಿಶ್ವವಿದ್ಯಾಲಯವೂ ಹಿಂದಿನ ಮೂರು ವರ್ಷಗಳ ಅಪರಾಧಗಳ ಲೆಕ್ಕವನ್ನು ಪ್ರತಿವರ್ಷ ಅಕ್ಟೋಬರ್ 1ರೊಳಗೆ ಪ್ರಕಟಿಸಬೇಕು. ವಿದ್ಯಾರ್ಥಿ ಮನೆ ಹಿಡಿಯುವುದು ಆಗಸ್ಟ್‌ನಲ್ಲಿ ಎಂಬುದು ಒಂದು ತೊಡಕು. ಹಿರಿದಾದ ತೊಡಕೆಂದರೆ, ಈ ಲೆಕ್ಕ ವಿಶ್ವವಿದ್ಯಾಲಯದ ಆವರಣ ಹಾಗೂ ಆಸ್ತಿ ಮತ್ತು ಅದಕ್ಕೆ ತಾಗಿಕೊಂಡ ಸಾರ್ವಜನಿಕ ರಸ್ತೆಗೆ ಬಂದು ನಿಲ್ಲುತ್ತದೆ, ಭಾರತದ ಎಂ.ಎಸ್. ವಿದ್ಯಾರ್ಥಿಗಳು ಬಹುಮಟ್ಟಿಗೆ ಬಾಡಿಗೆಗೆ ಇರುವ ಖಾಸಗಿ ಅಪಾರ್ಟ್‌ಮೆಂಟು ರಸ್ತೆಯ ಆಚೆಗಿರುತ್ತದೆ. ಗುಂಡಿ ಒತ್ತಿದೊಡನೆ ಕ್ಯಾಂಪಸ್ ಪೊಲೀಸರಿಗೆ ಕರೆ ಹೋಗುವ ನೀಲಿದೀಪದ ಕಂಬಗಳ ಸಾಲೂ ಅಲ್ಲೆಲ್ಲೋ ಮುಗಿದಿರುತ್ತದೆ.

ಆಚೆಗಿನ ಆ ಮನೆಯನ್ನು ಪಡೆಯಲು ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸುವ ಯೋಗ್ಯತೆಯನ್ನು 300ರಿಂದ 850ರವರೆಗೆ ಅಳೆಯುವ ಅಂಕ, ಇರಬೇಕು; ಅದಿಲ್ಲದಿದ್ದರೆ ಬಾಡಿಗೆಯ ಮೂರು ಪಟ್ಟು ವರಮಾನವುಳ್ಳ ಜಾಮೀನುದಾರ ಬೇಕೆಂಬುದು ಅನೇಕ ಮಾಲೀಕರ ನಿಯಮ. ವಿಜಯನಗರದ ಮೂವತ್ತು-ನಲವತ್ತರ ಸೈಟಿನಲ್ಲಿ ಮೂರಂತಸ್ತು ಎಬ್ಬಿಸಿ ಎರಡಕ್ಕೆ ಬಾಡಿಗೆ ಎಣಿಸುವ ತಂದೆಯ ಮಗ, ಯಾರಿಗೂ ಸಾಲಗಾರನಲ್ಲವೆಂಬ ಕಾರಣಕ್ಕೇ ಅಲ್ಲಿ ನಂಬಿಕೆಗೆ ಅನರ್ಹನಾಗುತ್ತಾನೆ. ಇಂಥವನಿಗೆಂದೇ ಅರ್ಧ ಬಾಡಿಗೆಗೆ ಅಮೃತಶಿಲೆಯ ಅಡಿಗೆಮನೆಯ ಚಿತ್ರ ತೋರಿಸಿ, ತಾನು ಧರ್ಮಕಾರ್ಯಕ್ಕಾಗಿ ಪರದೇಶದಲ್ಲಿರುವೆನೆಂದೂ ಮುಂಗಡ ಕಳಿಸಿದರೆ ಬೀಗದಕೈಯನ್ನು ಕೊರಿಯರ್ ಮಾಡುವೆನೆಂದೂ ಬರೆಯುವ ಪುಣ್ಯಾತ್ಮರಿದ್ದಾರೆ. ಮನೆ ಇರುತ್ತದೆ, ಬೀಗವೂ ಇರುತ್ತದೆ, ಪುಣ್ಯಾತ್ಮ ಮಾತ್ರ ಅದರ ಮಾಲೀಕನಲ್ಲ.

ಆದುದರಿಂದ ವಿದ್ಯಾರ್ಥಿಗಳು ವಾಟ್ಸ್ಆ್ಯಪ್ ಗುಂಪು ಕಟ್ಟಿಕೊಂಡು ‘ಟೂ ಬಿ ಟೂ ಬಿ’ ಹುಡುಕುತ್ತಾರೆ. ಎರಡು ಮಲಗುವ ಕೋಣೆ, ಎರಡು ಸ್ನಾನದ ಮನೆಗಳುಳ್ಳ ಫ್ಲ್ಯಾಟಿಗೆ ಈ ಹೆಸರು. ಏಜೆಂಟ್ ಕೇಳಬಾರದ ಪ್ರಶ್ನೆಗಳನ್ನೆಲ್ಲ ಇವರು ಎಕ್ಸೆಲ್ ಹಾಳೆಯ ಕಲಮುಗಳಾಗಿಸಿ, ಯಾವ ರಾಜ್ಯ, ಯಾವ ಭಾಷೆ, ವೆಜ್ಜೋ ನಾನ್‌ವೆಜ್ಜೋ, ಮೊಟ್ಟೆ ಹೊರಗೆ ಮಾತ್ರವೋ ಮನೆಯಲ್ಲೂ ಉಂಟೋ ಎಂದು ಪರಸ್ಪರ ತುಂಬಿಸಿಕೊಳ್ಳುತ್ತಾರೆ. ಕೋಣೆ ಸಿಗದವನಿಗೆ ‘ಹಾಲ್ ಸ್ಪಾಟ್’, ಅಂದರೆ ನಡುಮನೆಯಲ್ಲಿ ಪರದೆ ಕಟ್ಟಿ ಹಾಸಿಗೆ ಹಾಸಿದ ಮೂಲೆ. ಮುಂಬಾಗಿಲಿಗೂ ಫ್ರಿಜ್ಜಿಗೂ ನಡುವೆ ಮಲಗುವ ಈತನು ಬಾಡಿಗೆಯಲ್ಲಿ ರಿಯಾಯಿತಿ ಪಡೆದು ಅದಕ್ಕೆ ಪ್ರತಿಯಾಗಿ ಕಳ್ಳರಿಗೆ ಮೊದಲು ಎದುರಾಗುವವನಾಗಿಯೂ, ರಾತ್ರಿ ಎರಡಕ್ಕೆ ಮೊಸರು ಹುಡುಕುವವರಿಗೆ ಸಾಕ್ಷಿಯಾಗಿಯೂ ಸೇವೆ ಸಲ್ಲಿಸುತ್ತಾನೆ. ಕರಾರಿನಲ್ಲಿ ಸಾಮಾನ್ಯವಾಗಿ ಇರುವ ‘ಜಂಟಿ ಹಾಗೂ ಪ್ರತ್ಯೇಕ ಹೊಣೆ’ ಎಂಬ ಷರತ್ತಿನಂತೆ, ಒಬ್ಬ ಬಾಡಿಗೆ ಕೊಡದೆ ಹೋದರೆ ಇಡೀ ಮೊತ್ತವನ್ನು ಉಳಿದವರಲ್ಲಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು. ಅವಿಭಕ್ತ ಕುಟುಂಬದಿಂದ ಪಾರಾಗಲು ಸಾಗರ ದಾಟಿದವರು ಹೀಗೆ ಅಪರಿಚಿತರೊಂದಿಗೆ ಅದನ್ನೇ ಮರುಸ್ಥಾಪಿಸುತ್ತಾರೆ.

ಸುರಕ್ಷತೆಯ ನಿಜವಾದ ಪರೀಕ್ಷೆ ಮೊದಲ ಭಾನುವಾರದ ಸಾರಿನ ದಿನ. ಎಣ್ಣೆ ಕಾದು, ಸಾಸಿವೆ ಸಿಡಿದು, ಇಂಗಿನ ಹಿಂದೆ ಬ್ಯಾಡಗಿ ಮೆಣಸಿನಕಾಯಿ ಬಿದ್ದ ಕೂಡಲೇ ಚಾವಣಿಯ ಹೊಗೆಸೂಚಕ, ಎಂದರೆ ಬೆಂಕಿಯ ಮುನ್ಸೂಚನೆ ಕೊಡುವ ಪುಟ್ಟ ಬಿಳಿ ಬಿಲ್ಲೆ, ಕಿರುಚತೊಡಗುತ್ತದೆ. ಒಬ್ಬ ಕುರ್ಚಿ ಹತ್ತಿ ಟವೆಲ್ಲು ಬೀಸುತ್ತಾನೆ, ಇನ್ನೊಬ್ಬ ಕಿಟಕಿ ತೆರೆಯುತ್ತಾನೆ, ಮತ್ತೊಬ್ಬ ಬಾಣಲೆಯನ್ನೇ ಎತ್ತಿಕೊಂಡು ಸ್ನಾನದ ಮನೆಗೆ ಓಡುತ್ತಾನೆ. ಸೂಚಕಕ್ಕೆ ಪ್ಲಾಸ್ಟಿಕ್ ಟೋಪಿ ತೊಡಿಸುವುದು ನಿಯಮಕ್ಕೆ ವಿರುದ್ಧವೆಂಬುದನ್ನು ಕರಾರಿನ ಪುಟಗಳಲ್ಲಿ ಆಗ ಹುಡುಕಿ ಓದಲಾಗುತ್ತದೆ.

ಹೀಗೆ ರ‍್ಯಾಂಕು ಹೇಳದ್ದನ್ನು, ಏಜೆಂಟ್ ಹೇಳಬಾರದ್ದನ್ನು, ಅಪರಾಧಗಳ ವಾರ್ಷಿಕ ಲೆಕ್ಕ ಎಣಿಸದ್ದನ್ನು ಮನೆ ಹಿಡಿಯುವ ಮುನ್ನ ಹೇಳಬಲ್ಲವನು ಒಬ್ಬನೇ ಉಳಿಯುತ್ತಾನೆ. ಅವನೇ ಸೀನಿಯರ್. ಅವನು ಹಾಸನದವನಾಗಿದ್ದರೆ ಮಾತು ಅರ್ಧ ಮುಗಿದಂತೆ. ಆ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ನಡೆದು ಬಂದವನಾದ್ದರಿಂದ ಅವನ ಮಾತಿಗೆ ಯಾವ ಪಟ್ಟಿಗೂ ಇಲ್ಲದ ತೂಕವಿದೆ. ಆದರೆ ಮೇ ತಿಂಗಳಲ್ಲಿ ಪದವಿ ಮುಗಿಸಿ ಸಿಯಾಟಲ್‌ನಲ್ಲಿ ಕೆಲಸಕ್ಕೆ ಸೇರಿರುವ ಅವನ ಕರಾರು ಇನ್ನೂ ಐದು ತಿಂಗಳು ಬಾಕಿಯಿದ್ದು, ಖಾಲಿ ಮೂಲೆಯ ಬಾಡಿಗೆ ಅವನ ಸಂಬಳದಿಂದಲೇ ಹೋಗುತ್ತಿರುತ್ತದೆ. ಏರಿಯಾ ಬಹಳ ಸೇಫ್, ಕ್ಯಾಂಪಸ್ಸಿಗೆ ಹತ್ತೇ ನಿಮಿಷದ ನಡಿಗೆ ಎಂದು ಅವನು ಹೇಳುವುದು ಸುಳ್ಳಲ್ಲ. ಹತ್ತು ನಿಮಿಷವನ್ನು ಅವನು ಅಳೆದದ್ದು ಹಿಮ ಕರಗಿದ ಮೇಲೆ, ಅಷ್ಟೆ. ತಂದೆತಾಯಿಗಳು ಇನ್ನೂ ಖಾತ್ರಿಗೆಂದು ಹಾಸನಕ್ಕೆ ಫೋನು ಮಾಡಿ ಅವನ ತಾಯಿಯನ್ನು ವಿಚಾರಿಸಿದರೆ, ಎರಡು ವರ್ಷದಲ್ಲಿ ಒಂದೇ ಒಂದು ದಿನವೂ ಮಗ ತೊಂದರೆಯೆಂದು ಹೇಳಿದವನಲ್ಲ ಎಂದು ಆಕೆ ಮನಃಪೂರ್ವಕವಾಗಿ ಹೇಳುತ್ತಾರೆ. ಹೇಳಿದ್ದರೆ ಆಕೆ ನಿದ್ದೆಗೆಡುತ್ತಿದ್ದರೆಂದೇ, ಬಾಗಿಲ ಬಳಿ ಬೀಗ ಹಾಕಿ ನಿಲ್ಲಿಸಿದ್ದ ಸೈಕಲ್ಲು ಎರಡು ಸಲ ಕಳುವಾದದ್ದನ್ನು ಅವನು ಹೇಳಿರುವುದಿಲ್ಲ. ಅದೇ ಸಂಜೆ ಮುಂಗಡದ ಹಣ ಸಿಯಾಟಲ್‌ಗೆ ರವಾನೆಯಾಗುತ್ತದೆ.